ಏಳನೇ ನಂಬರಿನ ಜರ್ಸಿಗೆ ಲೋಬಾನ

ಬಟ್ಟೆ ಒಗೆಯುವ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಉಳಿದ ವಿಷಯಗಳಲ್ಲಿ ನನಗೆ ಅಂಥ ನಂಬಿಕೆ ಇಲ್ಲ. ಮೆಹಕರದ ಸಾಲೆಯಲ್ಲಿ ಮಾಸ್ತರರು ಕಲಿಸಿದಷ್ಟು ಕಲಿತೆ, ಆಮೇಲೆ ಮದುವೆಯಾಯಿತು. ಹಾಡಲು ಬರುವುದಿಲ್ಲ. ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ. ಬೀದರದಲ್ಲಿ ಆಟೋ ಹತ್ತಿದರೆ, ಇಲ್ಲಿ ನಿಲ್ಲಿಸಪ್ಪಾ ಎಂದು ಹೇಳಲು ಧೈರ್ಯ ಸಾಲದೆ ಎಷ್ಟೋ ಸಲ ಮನೆ ದಾಟಿ ಹೋಗಿ, ಇನ್ನೊಬ್ಬರು ಇಳಿಯುವಲ್ಲಿ ಇಳಿದು, ನಡೆದುಕೊಂಡು ಬಂದಿದ್ದೇನೆ. ಆದರೆ ಒಗೆಯಲು ಬರುತ್ತದೆ. ನಿಮ್ಮ ಮುತ್ಯಾ, ನನ್ನ ಯಜಮಾನರು, ಕಬ್ಬಿನ ಹೊಲದಿಂದ ಬಂದು ಬಿಚ್ಚಿಟ್ಟ ಅಂಗಿ ಬೆವರಿಗೆ ಒಣಗಿ ತಾನಾಗಿಯೇ ನಿಲ್ಲುವಂತಿರುತ್ತಿತ್ತು. ಹೊಳೆಯ ಕಲ್ಲಿಗೆ ಒಯ್ದು ಬಡಿದೆನೆಂದರೆ ಅದೇ ಅಂಗಿ ಮರುದಿನ ಮದುವೆಗೆ ಹೋಗುವಂತಾಗುತ್ತಿತ್ತು. ಅವರು ಹೋದ ಮೇಲೂ ಊರಿನಲ್ಲಿ ಜನ ಅವರ ಬಿಳಿ ಅಂಗಿಯ ಮಾತು ತೆಗೆಯುತ್ತಿದ್ದರು. ತೊಟ್ಟವರ ಹೆಸರಾಯಿತು, ಒಗೆದವಳು ಸುಮ್ಮನೆ ಕೇಳಿಸಿಕೊಂಡಳು.

ಮೊಮ್ಮಕ್ಕಳೇ, ಈ ಲೋಬಾನದ ಕಥೆಯನ್ನು ನೀವು ಸೇರಿದಾಗಲೆಲ್ಲ ಹೇಳಿಕೊಂಡು ನಗುತ್ತೀರಿ. ಸಲದಿಂದ ಸಲಕ್ಕೆ ಅದರಲ್ಲಿ ಹೊಗೆ ಹೆಚ್ಚಾಗುತ್ತಿದೆ. ಹೋದ ದೀಪಾವಳಿಗೆ ನಿಮ್ಮಲ್ಲೊಬ್ಬರು ಬೆಂಕಿ ನಂದಿಸುವ ಗಾಡಿಯನ್ನೂ ಕರೆಸಿದಿರಿ. ಗಾಡಿ ಬಂದಿರಲಿಲ್ಲ. ಆದದ್ದು ಆದ ಹಾಗೆಯೇ ಇರಲಿ ಎಂದು ಬರೆಯುತ್ತಿದ್ದೇನೆ. ಭಾಗ್ಯಾಳನ್ನು ಕೇಳಿದ್ದೇನೆ. ಬರಿ ಆಯಿ, ಅಂದಿದ್ದಾಳೆ.

ಆಗ ಭಾಗ್ಯಾ ಒಂಬತ್ತನೆಯ ತರಗತಿ. ನಾನು ಈಗಿನಂತೆಯೇ ಬೀದರದ ಚಿದ್ರಿಯಲ್ಲಿ ಮಗ ಬಸವರಾಜನ ಮನೆಯಲ್ಲಿದ್ದೆ. ಅವನಿಗೆ ಮೋಟಾರು ರಿಪೇರಿ ಅಂಗಡಿ. ಸೊಸೆ ಸುನಂದಾ ಭಾಲ್ಕಿಯ ಸಾಲೆಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುತ್ತಾಳೆ. ಅವರ ಮಗಳು ಭಾಗ್ಯಾ ತನ್ನ ಸಾಲೆಯ ಕಬಡ್ಡಿ ತಂಡದಲ್ಲಿದ್ದಳು. ಬೆನ್ನ ಮೇಲೆ ಇಂಗ್ಲಿಷ್ ಅಂಕಿಯಲ್ಲಿ ಏಳು ಎಂದು ಬರೆದ ನೀಲಿ ಜರ್ಸಿ ಕೊಟ್ಟಿದ್ದರು. ಕೈಯಲ್ಲಿ ಹಿಡಿದರೆ ಏನೂ ಹಿಡಿದಂತಾಗದ, ಗಾಳಿಯಂಥ ನುಣುಪು ಬಟ್ಟೆ. ಇದನ್ನು ಒಗೆಯುವುದು ಎಡಗೈ ಕೆಲಸ ಎಂದುಕೊಂಡೆ.

ಒಂದು ಸಂಜೆ ಭಾಗ್ಯಾ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದಳು. ಔರಾದದಲ್ಲಿ ಪಂದ್ಯಗಳಿದ್ದವು. ವಾರದಿಂದ ಅದರದ್ದೇ ಮಾತು. ಅಂಥವಳು, "ಆಯಿ, ನಾ ಔರಾದಕ್ಕ ಹೋಗಾಂಗಿಲ್ಲ" ಅಂದಳು.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಕಬಡ್ಡಿಯಲ್ಲಿ ಎದುರಿನವಳು ಒಳಗೆ ಬಂದಾಗ ಇವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಕಟ್ಟಿ ನಿಲ್ಲಬೇಕಂತೆ. ಭಾಗ್ಯಾಳ ಪಕ್ಕದಲ್ಲಿ ನಿಲ್ಲುವವಳು ಆಫ್ರೀನ್. ಈಚೆಗೆ ಆಫ್ರೀನ್ ಬರೀ ಎರಡು ಬೆರಳು ಹಿಡಿದು, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು. ಆ ಸಂದಿಯಲ್ಲೇ ಎದುರಿನವರು ತಪ್ಪಿಸಿಕೊಂಡು ಹೋಗುತ್ತಿದ್ದರು. ಯಾಕೆಂದು ಕೇಳಿದರೆ ಆಫ್ರೀನ್ ಹೇಳಲಿಲ್ಲ. ಬೇರೆ ಹುಡುಗಿಯರು ಹೇಳಿದರು. ಜರ್ಸಿ ನಾರುತ್ತದೆ.

"ದಿನಾ ಒಗಿತೇನಿ ಆಯಿ. ಒಣಗಿದಾಗ ಏನೂ ಇರಂಗಿಲ್ಲ. ಹಾಕ್ಕೊಂಡು ಎರಡು ಸುತ್ತು ಓಡಿದ್ರ ಸಾಕು, ಮತ್ತ ಶುರು. ಅಮ್ಮಗ ಹೇಳಬ್ಯಾಡ. ಅಪ್ಪಗ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ."

ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಯಾರಿಗೂ ಏನೂ ಹೇಳದೆ ಇರುವುದು ನನಗೆ ಎಂದೂ ಕಷ್ಟವಾದದ್ದಲ್ಲ. ಅದೊಂದರಲ್ಲಿ ನಾನು ಬಹಳ ಮುಂದೆ. ಜರ್ಸಿ ನನ್ನ ಕೈಗೆ ಕೊಡು, ಔರಾದಕ್ಕೆ ಹೋಗುವ ತಯಾರಿ ನೀನು ಮಾಡು ಎಂದೆ.

ಮೊದಲು ಕಲ್ಲಿಗೆ ಬಡಿದೆ. ಹತ್ತಿ ಬಟ್ಟೆ ಕಲ್ಲಿಗೆ ಬಿದ್ದರೆ ಉತ್ತರ ಕೊಡುತ್ತದೆ, ಧಪ್ ಎಂದು. ಇದು ಸುಮ್ಮನೆ ಜಾರಿತು. ಸೋಪು ಹಚ್ಚಿದರೆ ನೊರೆ ಬಂತು, ಹೋಯಿತು. ಅರ್ಧ ತಾಸಿನಲ್ಲಿ ಒಣಗಿಯೂ ಹೋಯಿತು. ಮೂಗಿಗೆ ಹಿಡಿದು ನೋಡಿದೆ. ಏನೂ ಇಲ್ಲ. ಗೆದ್ದೆ ಎಂದುಕೊಂಡು ಮಡಿಚಿ ಅವಳ ಚೀಲಕ್ಕೆ ಹಾಕಿದೆ. ಮರುದಿನ ಸಂಜೆ ಭಾಗ್ಯಾ ಬಂದು ಮಾತಾಡದೆ ಜರ್ಸಿಯನ್ನು ನನ್ನ ಮಡಿಲಲ್ಲಿಟ್ಟಳು. ಮಾತಿನ ಅಗತ್ಯವೂ ಇರಲಿಲ್ಲ.

ಸುನಂದಾ ತನ್ನ ಸಾಲೆಯ ಸೀರೆಗಳಿಗೆ ಹಾಕಲು ಸುವಾಸನೆಯ ಒಂದು ದ್ರವ ತಂದಿಟ್ಟಿರುತ್ತಾಳೆ. ಒಂದು ಮುಚ್ಚಳ ಸಾಕಂತೆ. ರೋಗ ಹಳೆಯದು ಎಂದು ನಾನು ಧಾರಾಳವಾಗಿ ಸುರಿದೆ. ಆ ದಿನ ಜರ್ಸಿಯಿಂದ, ಗುಲಾಬಿ ತೋಟಕ್ಕೆ ಹೋತ ನುಗ್ಗಿದರೆ ಎಂಥ ವಾಸನೆ ಬರಬಹುದೋ ಅಂಥದ್ದು ಬಂತು. ಮೊದಲು ಪಕ್ಕದವಳಿಗೆ ಮಾತ್ರ ತಿಳಿಯುತ್ತಿತ್ತು. ಈಗ ಮೈದಾನದ ಆಚೆಯವರಿಗೂ ತಿಳಿಯುವಂತಾಯಿತು.

ಮೂರನೆಯದಾಗಿ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದೆ. ಬೆನ್ನ ಮೇಲಿನ ಏಳು ಒಂದು ಮೂಲೆಯಲ್ಲಿ ಎದ್ದು ನಿಂತಿತು. ವಾಸನೆ ಹಂಡೆಯಿಂದೆದ್ದು ಹಿತ್ತಲ ತುಂಬ ಅಡ್ಡಾಡಿತು. ನಾನು ಕಣ್ಣು ಮುಚ್ಚಿ ವಿಚಾರ ಮಾಡಿದೆ. ಈ ಬಟ್ಟೆ ತಣ್ಣಗಿದ್ದಾಗ ವಾಸನೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಬಿಸಿಯಾದಾಗ ಬಿಡುತ್ತದೆ. ಹಾಗಾದರೆ ಬಿಸಿ ಮಾಡಿ ಹೊರಗೆ ಹಾಕಿಸಿ, ಅದೇ ಜಾಗದಲ್ಲಿ ಒಳ್ಳೆಯ ವಾಸನೆ ಕೂಡಿಸಬೇಕು. ಬಿಸಿಯೂ ಇರಬೇಕು, ಪರಿಮಳವೂ ಇರಬೇಕು. ಇಂಥದ್ದೊಂದು ಉಪಾಯ ನನ್ನ ಕೈಯಲ್ಲೇ ಇತ್ತು. ಲೋಬಾನ!

ನೀವೆಲ್ಲ ಕೂಸಾಗಿದ್ದಾಗ ನಿಮ್ಮ ಬಟ್ಟೆಗಳು ನನ್ನ ಬುಟ್ಟಿಯ ಮೇಲೆಯೇ ಹೊಗೆ ಕುಡಿದಿವೆ. ಶೇಗಡಿಯಲ್ಲಿ ಕೆಂಡ, ಕೆಂಡದ ಮೇಲೆ ಲೋಬಾನದ ಧೂಪ, ಅದರ ಜೊತೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ ಬಟ್ಟೆ ಹೊದಿಸಿದರೆ, ಎಂಥ ಹಾಲು ಕಕ್ಕಿದ ವಾಸನೆಯೂ ಉಳಿಯುವುದಿಲ್ಲ. ಬಾಣಂತಿಯ ಸೀರೆಗೂ ಇದೇ, ಕೂಸಿನ ಕುಂಚಿಗೆಗೂ ಇದೇ. ನಮ್ಮ ಕಡೆ ಯಾವ ಜಾತಿಯ ಮನೆಯಾದರೂ ಬಾಣಂತಿ ಇದ್ದಲ್ಲಿ ಈ ಹೊಗೆ ಇದ್ದದ್ದೇ. ಇಷ್ಟು ವಿಚಾರ ಮಾಡಿದ ನಾನು ಕೊನೆಯ ಮಾತಿನ ಬಗ್ಗೆ ಇನ್ನೊಂದು ಚೂರು ವಿಚಾರ ಮಾಡಬೇಕಾಗಿತ್ತು.

ಔರಾದಕ್ಕೆ ಹೋಗುವ ಹಿಂದಿನ ದಿನ, ಮಧ್ಯಾಹ್ನ ಇಳಿದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ಅಂಗಳದಲ್ಲಿ ಶೇಗಡಿ ಹೊತ್ತಿಸಿದೆ. ಬುಟ್ಟಿಯ ಮೇಲೆ ಜರ್ಸಿ ಹರಡಿದೆ. ಬೀದಿಯಲ್ಲಿ ಹೋಗುವವರಿಗೆ ಅದು ಕಂಡು ಭಾಗ್ಯಾಳ ಗುಟ್ಟು ರಟ್ಟಾಗಬಾರದೆಂದು, ಅದರ ಮೇಲೆ ನನ್ನದೊಂದು ಹಳೆಯ ಮೆತ್ತನೆಯ ಸೀರೆ ಮುಚ್ಚಿದೆ. ಕೂಸಿಗೆ ಹಾಸುವುದೂ ಇಂಥ ಹಳೆಯ ಸೀರೆಯನ್ನೇ. ಹೊಗೆ ಏಳತೊಡಗಿತು. ಗಾಳಿ ಅದನ್ನು ಎತ್ತಿಕೊಂಡು ಗೋಡೆಯಾಚೆ ರೂತಮ್ಮ ಸಿಸ್ಟರರ ಮನೆಗೆ ಒಯ್ದಿತು.

ಸಿಸ್ಟರ್ ದವಾಖಾನೆಯಲ್ಲಿ ನರ್ಸ್ ಆಗಿ ರಿಟೈರ್ ಆದವರು. ಚಿದ್ರಿಯ ಅರ್ಧ ಮಕ್ಕಳನ್ನು ಅವರ ಕೈಗಳೇ ಮೊದಲು ಹಿಡಿದಿವೆ. ಈಗ ಚರ್ಚಿಗೆ ಹೋಗಿ ಬಂದು ಉಳಿದ ಹೊತ್ತೆಲ್ಲ ಕೂಸುಗಳಿಗೆ ಟೋಪಿ ಹೆಣೆಯುತ್ತಾರೆ. ಕೂಸು ಯಾರದ್ದೆಂದು ಗೊತ್ತಿಲ್ಲದಿದ್ದರೂ ಟೋಪಿ ತಯಾರಿರುತ್ತದೆ. ಅವರು ಗೇಟು ತೆಗೆದು ಬಂದು, ಶೇಗಡಿ ನೋಡಿ, ಬುಟ್ಟಿ ನೋಡಿ, ಬೆಳ್ಳುಳ್ಳಿ ಸಿಪ್ಪೆ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಯಾರು ಹಡದಾರ ಗುರಮ್ಮಕ್ಕ?"

"ಯಾರೂ ಹಡದಿಲ್ರಿ ಸಿಸ್ಟರ್."

"ಮತ್ತ ಯಾರ ಅರಬಿ ಬಟ್ಟಿಗಿ ಹೊಗಿ ಕೊಡ್ಲಾಕತ್ತೀರಿ?"

ಏನು ಹೇಳಲಿ? ಭಾಗ್ಯಾಳ ಜರ್ಸಿ ಎಂದರೆ ಯಾಕೆ ಎನ್ನುತ್ತಾರೆ. ತಲೆ ಮುಟ್ಟಿ ಕೊಟ್ಟ ಮಾತು. ನಾನು ನೆಲ ನೋಡಿದೆ. ನನ್ನಂಥವಳು ನೆಲ ನೋಡಿದರೆ, ನೋಡಿದವರು ತಮಗೆ ಬೇಕಾದದ್ದನ್ನು ತಿಳಿದುಕೊಳ್ಳುತ್ತಾರೆ ಎಂಬುದು ಅಂದು ತಿಳಿಯಿತು.

"ಗೊತ್ತಾಯ್ತು ಬಿಡ್ರಿ. ಹಸುಗೂಸಿಗಿ ದೃಷ್ಟಿ ಆಗ್ತದಂತ ಮುಚ್ಚಿಡ್ಲಾಕತ್ತೀರಿ. ಮಂದಿಗಿ ಹೇಳಬ್ಯಾಡ್ರಿ. ನಾ ಏನು ಮಂದಿಯಾ?"

ಇದೇ ನೋಡಿ ಕಷ್ಟ. ಕೂಸು ಹುಟ್ಟಿದ ಮನೆಯವರು ಕೆಲವು ದಿನ ಇಲ್ಲ ಎಂದೇ ಹೇಳುವುದು ನಮ್ಮಲ್ಲಿ ಉಂಟು. ಹೀಗಾಗಿ ನಾನು ಇಲ್ಲ ಎಂದಷ್ಟೂ ಕೂಸು ಗಟ್ಟಿಯಾಗುತ್ತ ಹೋಯಿತು.

ಸಿಸ್ಟರ್ ಹೋದರು, ನಾನು ಉಸಿರು ಬಿಟ್ಟೆ. ಆ ಉಸಿರು ಪೂರ್ತಿ ಹೊರಗೆ ಬರುವ ಮುನ್ನ ತಿರುಗಿ ಬಂದರು. ಕೈಯಲ್ಲಿ ಹಳದಿ ಉಣ್ಣೆಯ ಟೋಪಿ, ಕಾಲುಚೀಲ. ಅವರ ಬೆನ್ನ ಹಿಂದೆಯೇ ಎದುರಿನ ಕಿರಾಣಿ ಅಂಗಡಿಯ ಶಾಂತಾಬಾಯಿ. ಅವರ ಸೆರಗಿನಲ್ಲಿ ಬಾಣಂತಿಗೆ ಉಂಡೆ ಕಟ್ಟಲು ಉತ್ತತ್ತಿ, ಕೊಬ್ಬರಿ, ಅಂಟು. ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಹಡೆದದ್ದಂತೂ ನಿಶ್ಚಯವಾಗಿತ್ತು. ಹಡೆದವರು ಯಾರು ಎಂಬುದಷ್ಟೇ ಉಳಿದಿತ್ತು. ಮನೆಯಲ್ಲಿ ಇರುವ ಸೊಸೆ ಒಬ್ಬಳೇ ಆದ್ದರಿಂದ ಅದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಾಂತಾಬಾಯಿಗೆ ಈಗ ಎಲ್ಲ ನೆನಪಾಯಿತು. ಸುನಂದಾ ಈಚೆಗೆ ಮೈ ತುಂಬಿಕೊಂಡಿದ್ದಳು, ಅಂಗಡಿಯಿಂದ ಹುಣಸೆಹಣ್ಣು ಬಹಳ ಒಯ್ದಿದ್ದಳು. ಅದು ವರ್ಷದ ಸಾರಿಗೆ ಎಂದು ನಾನು ಹೇಳಿದೆ. ಆದರೆ ನನ್ನ ದನಿ ನನ್ನ ಸೆರಗು ದಾಟಿ ಹೊರಗೆ ಹೋಗಲಿಲ್ಲ.

ಒಳಗೆ ಕೂಸು ಮಲಗಿದೆಯೇ ಎಂದು ಕೇಳಿದರು. ಒಳಗೆ ಯಾರೂ ಇಲ್ಲ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು, ದನಿ ಇಳಿಸಿ, ಕೂಸಿಗೆ ಎಚ್ಚರಾದೀತೆಂದು ಮೆಲ್ಲಗೆ ಮಾತಾಡತೊಡಗಿದರು.

ಅಷ್ಟರಲ್ಲಿ ಶಾಂತಾಬಾಯಿಯ ಯಜಮಾನರು ಕಿರಾಣಿ ಅಂಗಡಿಯಿಂದಲೇ ಬಸವರಾಜನಿಗೆ ಫೋನ್ ಮಾಡಿ ಮುಬಾರಕ್ ಹೇಳಿದರಂತೆ. ಬಸವರಾಜ ಅದೇ ವಾರ ಅಂಗಡಿಗೆ ಹೊಸ ಮಷೀನು ತಂದಿದ್ದ. ಎಲ್ಲ ನಿಮ್ಮ ಆಶೀರ್ವಾದರಿ, ಇನ್ನೊಂದು ತರೋ ವಿಚಾರನೂ ಅದ ಎಂದನಂತೆ!

ಇಂಥ ಹೊತ್ತಿನಲ್ಲಿ ಗೇಟು ಸದ್ದಾಯಿತು. ಭಾಲ್ಕಿಯ ಬಸ್ಸು ಇಳಿದು, ಹೆಗಲಿಗೆ ಚೀಲ, ಕೈಯಲ್ಲಿ ಒಂದು ಕಟ್ಟು ಉತ್ತರ ಪತ್ರಿಕೆ ಹಿಡಿದು, ಬಾಣಂತಿಯೇ ನಡೆದುಕೊಂಡು ಬಂದಳು.

ರೂತಮ್ಮ ಸಿಸ್ಟರ್ ಎದ್ದು ನಿಂತರು. ಹಸಿಮೈಯಲ್ಲಿ ಬಸ್ಸಿಗೆ ಹೋಗುವುದೆಂದರೇನು, ತಲೆಗೆ ಬಟ್ಟೆಯಿಲ್ಲ, ಕಿವಿಗೆ ಹತ್ತಿಯಿಲ್ಲ ಎಂದು ಬೈಯತೊಡಗಿದರು. ಸುನಂದಾ ಟೋಪಿ ನೋಡಿದಳು, ಉತ್ತತ್ತಿ ನೋಡಿದಳು, ಹೊಗೆ ನೋಡಿದಳು.

"ಅತ್ತಿ, ಏನಿದು?"

ಈಗ ನಾನು ಬಾಯಿ ತೆರೆಯಲೇಬೇಕಿತ್ತು. ತೆರೆದರೆ ಮೊಮ್ಮಗಳ ಮಾನ ಹೋಗುತ್ತದೆ. ತೆರೆಯದಿದ್ದರೆ ಸೊಸೆ ಹಡೆದವಳಾಗಿ ಉಳಿಯುತ್ತಾಳೆ. ಎರಡರ ನಡುವೆ ಸಿಕ್ಕಿ ನಾನು ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡು ನಿಂತೆ. ಕಣ್ಣಲ್ಲಿ ನೀರು ಬಂತು. ಹೊಗೆಯದ್ದೆಂದು ಇಟ್ಟುಕೊಳ್ಳಿ.

ಭಾಗ್ಯಾ ಆಟ ಮುಗಿಸಿ ಯಾವಾಗ ಬಂದು ಗೇಟಿನ ಹತ್ತಿರ ನಿಂತಿದ್ದಳೋ ನಾನು ನೋಡಿರಲಿಲ್ಲ. ಅವಳು ಹೊಗೆ ನೋಡಿದಳು, ನನ್ನ ಮುಖ ನೋಡಿದಳು. ಚೀಲ ಕೆಳಗಿಟ್ಟಳು.

"ಯಾರೂ ಹಡದಿಲ್ರಿ ಸಿಸ್ಟರ್. ಅದು ನನ್ನ ಜರ್ಸಿ. ಎಷ್ಟು ಒಗದ್ರೂ ನಾರ್ತದ. ಯಾರಿಗೂ ಹೇಳಬ್ಯಾಡಂತ ಆಯಿಗಿ ನಾನೇ ಹೇಳಿದ್ದೆ."

ಎಲ್ಲರ ಮುಂದೆ, ತಲೆ ಎತ್ತಿ, ಒಂದೇ ಉಸಿರಿಗೆ ಹೇಳಿದಳು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಲಾಗದ್ದನ್ನು ಹದಿನಾಲ್ಕರ ಹುಡುಗಿ ಮಾಡಿದಳು.

ಸುನಂದಾ ಕಟ್ಟೆಯ ಮೇಲೆ ಕುಳಿತು, "ನನಗ ಚಹಾ ಕುಡಿಲಾಕ ಪುರಸೊತ್ತಿಲ್ಲ, ಹಡಿಲಾಕ ಎಲ್ಲಿಂದ ತರಲಿ" ಎಂದಳು. ಮೊದಲು ನಕ್ಕದ್ದು ಅವಳೇ. ಶಾಂತಾಬಾಯಿ ನಗುತ್ತ ನಗುತ್ತ ಉತ್ತತ್ತಿಯನ್ನು ಮೆಲ್ಲಗೆ ಸೆರಗಿಗೆ ಸೇರಿಸಿಕೊಂಡರು. ಬಳಿಕ ಮನಸ್ಸು ತಡೆಯದೆ ಅರ್ಧ ಬಿಟ್ಟುಹೋದರು.

ನಕ್ಕು ಮುಗಿಯುವ ಹೊತ್ತಿಗೆ ಏನೋ ಸುಟ್ಟ ವಾಸನೆ. ಸಿಸ್ಟರ್ ಸೀರೆ ಎತ್ತಿದರು. ಜರ್ಸಿ ಇತ್ತು, ಏಳು ಇರಲಿಲ್ಲ. ಅದು ಕರಗಿ ಬುಟ್ಟಿಗೆ ಅಂಟಿಕೊಂಡಿತ್ತು. ನಮ್ಮ ಬುಟ್ಟಿ ಕಬಡ್ಡಿ ತಂಡ ಸೇರಿತ್ತು, ಮೊಮ್ಮಗಳು ಬಿಟ್ಟಿದ್ದಳು.

ನಾನು ಇನ್ನೂ ಬುಟ್ಟಿ ನೋಡುತ್ತಿರುವಾಗ ಸಿಸ್ಟರ್ ಭಾಗ್ಯಾಳ ಚೀಲವನ್ನು ತರಿಸಿದರು. ಜಿಪ್ಪು ಎಳೆದು, ಮುಖ ಹಿಂದೆ ಮಾಡಿ, ಎರಡು ಬೆರಳಿನಿಂದ ಏನನ್ನೋ ಎತ್ತಿದರು. ಮೊಣಕಾಲಿಗೆ ಹಾಕುವ ಕರಿ ಪಟ್ಟಿಗಳು. ನೀಕ್ಯಾಪು.

"ಇವನ್ನ ಯಾವಾಗ ಒಗದೀದಿ ಮಗಾ?"

ಭಾಗ್ಯಾ ನಿಜವಾಗಿ ಆಶ್ಚರ್ಯಪಟ್ಟಳು. "ಇವನ್ನೂ ಒಗಿಬೇಕೇನ್ರಿ?"

ಒಂದು ಹಂಗಾಮು ಪೂರ್ತಿ ಬೆವರು ಕುಡಿದ ಆ ಪಟ್ಟಿಗಳ ಜೊತೆ, ಮುಚ್ಚಿದ ಚೀಲದಲ್ಲಿ, ನಾನು ಒಗೆದ ಜರ್ಸಿ ದಿನವೂ ಮಲಗಿ ಏಳುತ್ತಿತ್ತು. ಅಲ್ಲಿಗೆ ಮಡಿಚಿ ಹಾಕುತ್ತಿದ್ದವಳು ನಾನೇ. ಒಂದು ಸಲವೂ ಚೀಲದೊಳಗೆ ಮೂಗಿಟ್ಟು ನೋಡಿರಲಿಲ್ಲ.

ಸಿಸ್ಟರ್ ನಿಧಾನವಾಗಿ ಹೇಳಿದರು. ಇದು ಹತ್ತಿಯಲ್ಲ, ಬೆವರಿನ ಜಿಡ್ಡು ಇದಕ್ಕೆ ಬಿಗಿಯಾಗಿ ಅಂಟುತ್ತದೆ. ಸುವಾಸನೆಯ ದ್ರವ ಹಾಕಿದರೆ ಅದು ಮುಚ್ಚಳದಂತೆ ಮೇಲೆ ಕುಳಿತು ವಾಸನೆಯನ್ನು ಒಳಗೇ ಕಾಯುತ್ತದೆ. ಕುದಿಸಬಾರದು. ತಣ್ಣೀರಿಗೆ ಸ್ವಲ್ಪ ಬಿಳಿ ಸಿರ್ಕಾ, ಅಂದರೆ ವಿನೆಗರ್, ಹಾಕಿ, ಒಳಮೈ ಹೊರಗೆ ಮಾಡಿ ನೆನೆಸಿ, ಕಡಿಮೆ ಪುಡಿಯಲ್ಲಿ ಒಗೆದು, ಗಾಳಿಗೆ ಹಾಕಬೇಕು. ಬಿಚ್ಚಿದ ಕೂಡಲೇ ಒಗೆಯದಿದ್ದರೂ ಚೀಲದಲ್ಲಿ ಮಾತ್ರ ಮುದುಡಿ ಇಡಬಾರದು. ಅವರ ಮಗನ ಆಟದ ಬಟ್ಟೆಗಳನ್ನು ಹೀಗೇ ಒಗೆದಿದ್ದರಂತೆ. ಇಷ್ಟೂ ವಿದ್ಯೆ ನಮ್ಮ ಗೋಡೆಯ ಆಚೆ ಟೋಪಿ ಹೆಣೆಯುತ್ತ ಕುಳಿತಿತ್ತು. ನಾನು ಒಮ್ಮೆ ಕೇಳಬೇಕೆಂದು ಗೋಡೆಯ ತನಕ ಹೋಗಿ, ಊಟ ಆಯ್ತೇನ್ರಿ ಎಂದಷ್ಟೇ ಕೇಳಿ ಬಂದಿದ್ದೆ.

ಜರ್ಸಿಯನ್ನು ಅಂದೇ ಮತ್ತೆ ಒಗೆದರೆ ಬೆನ್ನಿನ ಸುಟ್ಟ ಜಾಗ ಹರಿಯಬಹುದೆಂದು ಹಾಗೇ ಬಿಟ್ಟೆವು. ಸಿಸ್ಟರ್ ದವಾಖಾನೆಯ ಬಿಳಿ ಅಂಟುಪಟ್ಟಿ ತಂದು ಬೆನ್ನಿಗೆ ಏಳು ಬರೆದರು. ಎರಡು ತುಂಡಿನಲ್ಲಿ ಕೆಲಸ ಮುಗಿಯಿತು. ಭಾಗ್ಯಾಳ ನಂಬರು ಎಂಟಾಗಿರದಿದ್ದದ್ದು ನನ್ನ ಪುಣ್ಯ. ನೀಕ್ಯಾಪು ನೆನೆಸುವ ಕೆಲಸ ನನ್ನದಾಯಿತು. ಸ್ವಲ್ಪ ಸಿರ್ಕಾ ಎಂದಿದ್ದರು. ಇಷ್ಟಾದ ಮೇಲೂ ನನಗೆ ಬುದ್ಧಿ ಬಂದಿರಲಿಲ್ಲ. ಇರಲಿ ಎಂದು ಸೀಸೆ ಪೂರ್ತಿ ಸುರಿದೆ.

ಮರುದಿನ ಸುನಂದಾಗೆ ರಜೆ ಸಿಗಲಿಲ್ಲ. ಹುಡುಗಿಯರ ಜೊತೆ ಹಿರಿಯರೊಬ್ಬರು ಬೇಕೆಂದು ಟೀಚರು ಕೇಳಿದ್ದರಿಂದ, ಔರಾದಕ್ಕೆ ಹೋಗುವ ಕ್ರೂಸರ್ ಗಾಡಿಯನ್ನು ನಾನು ಹತ್ತಿದೆ. ಭಾಗ್ಯಾ ನನ್ನ ಪಕ್ಕ ಕುಳಿತಳು. ಸೊಂಟದ ಮೇಲೆ ತೊಟ್ಟಿಲ ವಾಸನೆ, ಸೊಂಟದ ಕೆಳಗೆ ಉಪ್ಪಿನಕಾಯಿ ಭರಣಿಯ ವಾಸನೆ. ಹುಡುಗಿಯರು ಕಿಟಕಿ ತೆರೆದರು. ನಾವಿಬ್ಬರೂ ದಾರಿಯುದ್ದಕ್ಕೂ ತೊಗರಿ ಹೊಲ ನೋಡಿದೆವು.

ಮೈದಾನದಲ್ಲಿ ಸುಣ್ಣದ ಗೆರೆ ಹಾಕಿದ್ದರು. ಸೀಟಿ ಊದಿದರು. ಎದುರಿನ ಹುಡುಗಿ ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದಳು. ನಾನು ಬೇರೆ ಯಾರನ್ನೂ ನೋಡಲಿಲ್ಲ. ಆಫ್ರೀನಳ ಕೈಯನ್ನಷ್ಟೇ ನೋಡಿದೆ. ಅವಳು ಎಂದಿನಂತೆ ಎರಡು ಬೆರಳು ಚಾಚಿದಳು. ಮುಖ ತಿರುಗಿಸಲು ಹೋದವಳು ತಡೆದಳು. ಮೂಗು ಮುಂದೆ ಮಾಡಿ ಭಾಗ್ಯಾಳ ಭುಜದ ಹತ್ತಿರ ತಂದಳು. ಅವಳೇನೋ ಹೇಳಿದಳು, ಭಾಗ್ಯಾ ನಕ್ಕಳು. ಆಮೇಲೆ ಆಫ್ರೀನ್ ಪೂರ್ತಿ ಅಂಗೈ ಕೊಟ್ಟು ಬಿಗಿಯಾಗಿ ಹಿಡಿದಳು.

ಎದುರಿನವಳು ಎಂದಿನ ಸಂದಿ ಹುಡುಕಿಕೊಂಡು ಬಂದು, ಸಂದಿ ಇಲ್ಲದೆ, ಇವರಿಬ್ಬರ ಕೆಳಗೆ ಬಿದ್ದಳು.

ಆಫ್ರೀನ್ ಏನು ಹೇಳಿದಳೆಂದು ಆಟ ಮುಗಿದ ಮೇಲೆ ಭಾಗ್ಯಾಳನ್ನು ಕೇಳಿದೆ. ಅವಳ ಮನೆಯಲ್ಲಿ ಆಗ ಎರಡು ತಿಂಗಳ ತಮ್ಮನಿದ್ದನಂತೆ. "ಏ, ನಿನ್ನ ಹತ್ರ ನಮ್ಮ ಮುನ್ನಾನ ವಾಸನಿ ಬರ್ತದಲ್ಲ" ಎಂದಳಂತೆ.

ಆ ಪಂದ್ಯ ಗೆದ್ದರು. ಅದನ್ನು ನಾನು ಲೋಬಾನದ ಲೆಕ್ಕಕ್ಕೆ ಬರೆಯಬಹುದಿತ್ತು. ಆದರೆ ಮುಂದಿನ ಪಂದ್ಯದಲ್ಲಿ, ಬಿಸಿಲು ಏರಿದ ಮೇಲೆ, ಬೆವರಿಗೆ ಏಳರ ತಲೆಯ ಅಡ್ಡ ಪಟ್ಟಿ ಕಳಚಿ ಬಿತ್ತು. ಭಾಗ್ಯಾ ಒಂದನೇ ನಂಬರಾದಳು. ತಂಡದಲ್ಲಿ ಆಗಲೇ ಒಬ್ಬಳು ಒಂದನೇ ನಂಬರಿನವಳಿದ್ದಳು. ಪಂಚರು ಆಟ ನಿಲ್ಲಿಸಿ, ನಿಮ್ಮಲ್ಲಿ ಖರೇ ಒಂದು ಯಾರು ಎಂದು ಕೇಳಿದರು. ಎಲ್ಲರೂ ನಗುವಷ್ಟರಲ್ಲಿ ಇವರ ಉಸಿರು ಕೆಟ್ಟಿತು. ಸೋತರು. ಎದುರಿನವರು ಚೆನ್ನಾಗಿಯೂ ಆಡಿದರು. ಆದರೂ ಆ ಪಟ್ಟಿಯ ಮಾತು ನಾನು ಮರೆತಿಲ್ಲ.

ಈಗ ಜರ್ಸಿ, ನೀಕ್ಯಾಪು ಎಲ್ಲವನ್ನೂ ಭಾಗ್ಯಾ ತಾನೇ ಸಿಸ್ಟರ್ ಹೇಳಿದಂತೆ ಒಗೆದುಕೊಳ್ಳುತ್ತಾಳೆ. ವಾಸನೆ ಇಲ್ಲ. ನಾನು ಹಿತ್ತಲಿಗೆ ಬಂದರೆ ಬಕೆಟ್ಟನ್ನು ಆಚೆ ಸರಿಸಿಕೊಳ್ಳುತ್ತಾಳೆ, ಮರ್ಯಾದೆಯಿಂದಲೇ. ಬುಟ್ಟಿಯ ಮೇಲೆ ಏಳು ಇನ್ನೂ ಇದೆ. ಕೆರೆದರೂ ಹೋಗಿಲ್ಲ. ಬೀದಿಯಲ್ಲಿ ಯಾರೋ ಒಬ್ಬಾಕೆ ಇವತ್ತಿಗೂ ಸಿಕ್ಕಾಗೊಮ್ಮೆ ಕೂಸು ಎಷ್ಟು ದೊಡ್ಡದಾಯಿತು ಎಂದು ಕೇಳುತ್ತಾಳೆ. ತಿಳಿಸಿ ಹೇಳಲು ನನಗೆ ನಾಚಿಕೆ. ನಡೀಲಾಕತ್ತದರಿ ಎಂದು ಹೇಳಿ ಮುಂದೆ ಬರುತ್ತೇನೆ.

ಸಿಸ್ಟರ್ ಕೊಟ್ಟ ಹಳದಿ ಟೋಪಿಯನ್ನು ಅವರು ಹಿಂದೆ ತೆಗೆದುಕೊಳ್ಳಲಿಲ್ಲ. ನನ್ನ ಟ್ರಂಕಿನಲ್ಲಿ, ಮೇಲೆಯೇ ಇದೆ. ನಿಮ್ಮಲ್ಲಿ ಯಾರಿಗೆ ಮೊದಲು ಬೇಕಾಗುತ್ತದೋ ಅವರು ತೆಗೆದುಕೊಳ್ಳಿ. ಒಗೆಯುವುದಿದ್ದರೆ ಮಾತ್ರ, ಸಿಸ್ಟರರ ಮನೆಗೆ ಒಯ್ಯಿರಿ.